ಮೆತ್ತನೆ ಕುರ್ಚಿಯ ಕೋಣೆ

ವಿಷಾದಣ್ಣನಿಗೆ ಆ ಹೆಸರಿಟ್ಟವರು ರೈಲು ನಿಲ್ದಾಣದ ಟಿಕೆಟ್ ಕೌಂಟರಿನವರು. ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವವರೆಗೆ ಮೈಕಿನ ಮುಂದೆ ಕೂತು "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ಲೆಕ್ಕವಿಲ್ಲದಷ್ಟು ಸಲ ಹೇಳಿದ ಮನುಷ್ಯನಿಗೆ ಬೇರೆ ಯಾವ ಹೆಸರು ಹೊಂದೀತು? ಅವನಿಗೂ ಅದರಿಂದ ಬೇಸರವಿರಲಿಲ್ಲ. ಬೇಸರ ಯಾಕೆ, ಒಳಗೊಳಗೇ ಹೆಮ್ಮೆ. ಒಂದು ಗುಟ್ಟು ಹೇಳುವುದಾದರೆ, ಅಷ್ಟು ವರ್ಷಗಳಲ್ಲಿ ಅವನು ಒಂದು ದಿನವೂ ವಿಷಾದಿಸಿದವನಲ್ಲ. ರೈಲು ತಡವಾದಷ್ಟೂ ಅವನ ಧ್ವನಿ ಜಾಸ್ತಿ ಕೇಳುತ್ತಿತ್ತು. ಹೊತ್ತಿಗೆ ಸರಿಯಾಗಿ ಬಂದು ಹೋಗುವ ರೈಲಿನಿಂದ ಅನೌನ್ಸರಿಗೆ ಏನು ಬಂತು ಭಾಗ್ಯ?

ಧ್ವನಿಯೆಂದರೆ ಅವನಿಗೆ ಪ್ರಾಣ. ಎರಡು ರೈಲುಗಳ ನಡುವೆ ಬಿಡುವು ಸಿಕ್ಕರೆ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಸಿಗರೇಟು ಹಚ್ಚುತ್ತಿದ್ದ. ಹೊಗೆ ಎಳೆದರೆ ಧ್ವನಿಗೆ ಒಂದು ತೂಕ ಬರುತ್ತದೆ ಎನ್ನುವುದು ಅವನ ಸ್ವಂತ ಸಂಶೋಧನೆ. ಅದನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಪುಕ್ಕಟೆ ಹಂಚಿದ್ದ. ಪುಣ್ಯಕ್ಕೆ ಯಾರೂ ಅವನ ಮಾತು ಕೇಳಿರಲಿಲ್ಲ.

ಯಾರೂ ಮಾತು ಕೇಳುವುದಿಲ್ಲ ಎನ್ನುವುದೇ ಅವನ ದೊಡ್ಡ ದೂರು. ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಅವನು ಬಿಡಿಸಿ ಬಿಡಿಸಿ ಹೇಳಿ ಮೈಕು ಆರಿಸುವಷ್ಟರಲ್ಲಿ ಯಾರೋ ಒಬ್ಬ ಕಿಟಕಿಗೆ ಬಂದು ನಿಂತಿರುತ್ತಿದ್ದ.

"ಸಾರ್, ನಮ್ಮ ರೈಲು ಎಲ್ಲಿಗೆ ಬರತ್ತೆ?"

"ಈಗ ತಾನೇ ಹೇಳಿದ್ನಲ್ರೀ. ಕೇಳಿಸ್ಲಿಲ್ವಾ?"

"ಕೇಳಿಸ್ತು ಸಾರ್. ಧ್ವನಿ ಬಹಳ ಚೆನ್ನಾಗಿದೆ. ಎಲ್ಲಿಗೆ ಬರತ್ತೆ?"

ಹೊಗಳಿಕೆಗೆ ಉಬ್ಬಬೇಕೋ ಅವಿವೇಕಕ್ಕೆ ಉರಿಯಬೇಕೋ ತಿಳಿಯದೆ ವಿಷಾದಣ್ಣ ಬೆರಳು ತೋರಿಸಿ ಸುಮ್ಮನಾಗುತ್ತಿದ್ದ. ಮನೆಗೆ ಬಂದು ಮಗಳ ಮುಂದೆ ಹೇಳಿಕೊಳ್ಳುತ್ತಿದ್ದ: "ಜನಕ್ಕೆ ಕಿವಿ ಇದೆ ಕಣೇ, ಆದ್ರೆ ಅದು ಕನ್ನಡಕ ಸಿಕ್ಕಿಸೋಕೆ ಮಾತ್ರ."

ಕೆಮ್ಮು ಶುರುವಾಗಿ ಅದು ಮೈಕಿನಲ್ಲಿ ಊರಿಗೆಲ್ಲ ಕೇಳತೊಡಗಿದ ಮೇಲೆ ಸ್ಟೇಷನ್ ಮಾಸ್ಟರು ರಜೆ ಬರೆಸಿ ಕಳಿಸಿದರು. ಅಕ್ಕ ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಕ್ಕ ಅದೇ ಬೀದಿಯ ಕೊನೆಯಲ್ಲಿ ಒಬ್ಬಳೇ ಇರುವವಳು. ಗಂಡ ಹೋದ ಮೇಲೆ ಗದರಿಸಲು ಬೇರೆ ಯಾರೂ ಇಲ್ಲದೆ ಆ ಕೆಲಸವನ್ನೆಲ್ಲ ತಮ್ಮನಿಗೇ ಮೀಸಲಿಟ್ಟಿದ್ದಳು. ಪರೀಕ್ಷೆಗಳಾದವು. ಶ್ವಾಸಕೋಶದಲ್ಲಿ ಕ್ಯಾನ್ಸರ್, ಪಕ್ಕೆಲುಬಿನ ಕಡೆಗೂ ಹರಡಿದೆ ಎಂದರು. ಧ್ವನಿಗೆ ಬರಬೇಕಾದ ತೂಕ ದಾರಿ ತಪ್ಪಿ ಎದೆಗೆ ಬಂದಿದೆ ಎಂದು ವಿಷಾದಣ್ಣ ಜೋಕು ಹೊಡೆದ. ಅಕ್ಕ ನಗಲಿಲ್ಲ.

ಔಷಧಿ ನರಕ್ಕೆ ಹೋಯಿತು, ಕೂದಲು ನೆಲಕ್ಕೆ ಹೋಯಿತು, ಬಾಯಿರುಚಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಕೆಲವು ಸುತ್ತು ಕಳೆದ ಮೇಲೆ ಸ್ಕ್ಯಾನ್ ನೋಡಿದ ದೊಡ್ಡ ಡಾಕ್ಟರು "ಗಡ್ಡೆ ಸ್ವಲ್ಪ ಕುಗ್ಗಿದೆ" ಎಂದರು. ಅಷ್ಟು ಸಾಕಾಯಿತು. ಆ ಕುಗ್ಗಿದ್ದು ಆಸ್ಪತ್ರೆಯ ಗೇಟಿನ ಹತ್ತಿರ "ಸ್ವಲ್ಪ" ಇದ್ದದ್ದು, ಕ್ಷೌರದಂಗಡಿ ತಲುಪುವಷ್ಟರಲ್ಲಿ "ಅರ್ಧಕ್ಕರ್ಧ" ಆಗಿ, ಮನೆಯ ಮೆಟ್ಟಿಲು ಹತ್ತುವಾಗ "ಇನ್ನೇನು ಇಲ್ಲವೇ ಇಲ್ಲ" ಎನ್ನುವಲ್ಲಿಗೆ ಬಂದಿತ್ತು. ಬೋಳುತಲೆಯಲ್ಲಿ ಕ್ಷೌರದಂಗಡಿಗೆ ಯಾಕೆ ಹೋದ ಎಂದರೆ, ಹೇಳಿಕೊಳ್ಳಲು ಅಲ್ಲಿ ಜನ ಹೆಚ್ಚು.

ಅದೇ ಸಮಯಕ್ಕೆ ಮಗಳಿಗೆ ಹಡಗಿನ ಕೆಲಸ ಸಿಕ್ಕಿತು. ತಾಯಿ ಸತ್ತಾಗ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ ಈಗ ಎಲೆಕ್ಟ್ರಿಷಿಯನ್. ಬಂದರಿನ ಕ್ರೇನುಗಳ ಮೋಟಾರು ರಿಪೇರಿ ಮಾಡಿಕೊಂಡಿದ್ದಳು. ಎಷ್ಟೋ ವರ್ಷದಿಂದ ಅರ್ಜಿ ಹಾಕಿ ಹಾಕಿ ಈಗ ಸರಕು ಹಡಗಿನ ಇಂಜಿನ್ ವಿಭಾಗಕ್ಕೆ ಕರೆ ಬಂದಿತ್ತು. ಹತ್ತಿದರೆ ಒಂದು ವರ್ಷ ಇಳಿಯುವ ಹಾಗಿಲ್ಲ, ಬರುತ್ತೀಯೋ ಇಲ್ಲವೋ ಬೇಗ ಹೇಳು ಎಂದಿದ್ದರು.

"ಏನ್ ಮಾಡ್ಲಿ ಅಪ್ಪ?" ಎಂದು ಕೇಳಿದ್ದಳು.

"ಏನ್ ಮಾಡ್ಲಿ ಅಂದ್ರೆ? ಕಣ್ಮುಚ್ಕೊಂಡು ಹತ್ತು. ನಾನಂತೂ ವಾಸಿಯಾದ ಹಾಗೇ. ನೀನು ಬರೋ ಹೊತ್ತಿಗೆ ನಾನು ಮತ್ತೆ ಮೈಕ್ ಹಿಡಿದಿರ್ತೀನಿ. ನಿನ್ನ ರೈಲು ಬಂತು ಅಂತ ನಾನೇ ಕೂಗ್ತೀನಿ ನೋಡು."

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ "ಸರಿ" ಎಂದು ಎದ್ದುಹೋದಳು. ವಿಷಾದಣ್ಣನಿಗೆ ತನ್ನ ದೊಡ್ಡ ಮನಸ್ಸಿನ ಮೇಲೆ ತನಗೇ ಅಭಿಮಾನ ಉಕ್ಕಿಬಂತು. ಅಂದಿನಿಂದ ಅವಳಿಗಿಂತ ಹೆಚ್ಚು ಸಡಗರ ಅವನದೇ. ಉಣ್ಣೆಯ ಬನಿಯನ್ ತಂದ, ಚೀಲಕ್ಕೆ ಬೀಗ ತಂದ, ಸಮುದ್ರದಲ್ಲಿ ವಾಂತಿಯಾದರೆ ಏನು ಮಾಡಬೇಕೆಂದು ಒಂದು ದೋಣಿಯನ್ನೂ ಹತ್ತದವನು ಉಪದೇಶ ಮಾಡಿದ.

ಹೀಗಿರುವಾಗ ದೊಡ್ಡ ಡಾಕ್ಟರು, "ಉಸಿರಾಟದ ತೊಂದರೆ, ನೋವು ಎಲ್ಲಾ ನೋಡ್ಕೊಳ್ಳೋಕೆ ಪ್ಯಾಲಿಯೇಟಿವ್ ಕೇರ್‌ನವರಿದ್ದಾರೆ. ಅವರನ್ನೂ ಒಮ್ಮೆ ಕಾಣಿ. ಇಲ್ಲಿನ ಔಷಧಿ ಇದ್ದೇ ಇರತ್ತೆ" ಎಂದು ಮೇಲಿನ ಮಹಡಿಗೆ ಕಳಿಸಿದರು.

ಮೇಲಿನ ಮಹಡಿಗೆ ಹೋದ ವಿಷಾದಣ್ಣ ಬಾಗಿಲಲ್ಲೇ ನಿಂತ. ಕೆಳಗೆ ಸಿಮೆಂಟು ಬೆಂಚು, ನೂಕುನುಗ್ಗಲು, ಟೋಕನ್ನಿಗಾಗಿ ಜಗಳ. ಇಲ್ಲಿ ಮೆತ್ತನೆಯ ಕುರ್ಚಿಗಳು. ಕಿಟಕಿಗೆ ಪರದೆ. ನೀರು ಬೇಕಾ ಎಂದು ಕೇಳುವ ನರ್ಸು. ಯಾರಿಗೂ ಅವಸರವಿಲ್ಲ. ರೈಲ್ವೆಯ ಅನ್ನ ತಿಂದವನಿಗೆ ಇದರ ಅರ್ಥ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಂಚು ಎಂದರೆ ಸಾಮಾನ್ಯ ದರ್ಜೆ, ಮೆತ್ತನೆ ಕುರ್ಚಿ ಎಂದರೆ ಮೊದಲ ದರ್ಜೆ. ಚೆನ್ನಾಗಿ ಗುಣವಾಗುತ್ತಿರುವ ರೋಗಿಗಳನ್ನು ಆರಿಸಿ ಇಲ್ಲಿಗೆ ಕಳಿಸುತ್ತಾರೆ!

"ಬಡ್ತಿ ಕೊಟ್ಟಿದಾರೆ ಕಣಕ್ಕ" ಎಂದು ಪಿಸುಗುಟ್ಟಿದ.

"ಬಾಯ್ಮುಚ್ಕೊಂಡು ಕೂತ್ಕೋ" ಎಂದಳು ಅಕ್ಕ.

ಕೂತ. ಕುರ್ಚಿ ಅವನನ್ನು ಒಳಕ್ಕೆ ಎಳೆದುಕೊಂಡಿತು. ಪಕ್ಕದಲ್ಲಿ ಕಣ್ಣುಮುಚ್ಚಿ ಒರಗಿದ್ದ ಒಬ್ಬ ಹೆಂಗಸಿಗೆ, "ನಿಮಗೂ ಕುಗ್ಗಿತಾ?" ಎಂದು ಆತ್ಮೀಯವಾಗಿ ಕೇಳಿದ. ಆಕೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಳು. ಮೊದಲ ದರ್ಜೆಯವರಿಗೆ ಸ್ವಲ್ಪ ಜಂಬ ಇದ್ದೇ ಇರುತ್ತದೆ ಎಂದುಕೊಂಡ.

ಒಳಗಿದ್ದ ಡಾಕ್ಟರಮ್ಮನದು ಬಹಳ ಸಣ್ಣ ಧ್ವನಿ. ಮೈಕಿಗಂತೂ ನಾಲಾಯಕ್ಕು. ಕೇಳಿಸಿಕೊಳ್ಳಬೇಕಾದರೆ ಕುರ್ಚಿಯಿಂದ ಮುಂದಕ್ಕೆ ಬಾಗಬೇಕಾಗಿತ್ತು. ಆಕೆ ಮೊದಲು ಉಸಿರಿನ ಬಗ್ಗೆ ಕೇಳಿದರು, ನಿದ್ದೆಯ ಬಗ್ಗೆ ಕೇಳಿದರು, ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತೀರಿ ಎಂದು ಕೇಳಿದರು. ಇಷ್ಟು ಹೊತ್ತು ಯಾವ ಡಾಕ್ಟರೂ ತನ್ನ ಜೊತೆ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಬಡ್ತಿಯ ಲಕ್ಷಣ!

"ನಿಮ್ಮ ಕಾಯಿಲೆ ಬಗ್ಗೆ ನೀವೇನು ತಿಳ್ಕೊಂಡಿದೀರಾ, ನಿಮ್ಮ ಮಾತಲ್ಲೇ ಹೇಳಿ" ಎಂದರು ಆಕೆ.

ವಿಷಾದಣ್ಣ ಗಂಟಲು ಸರಿಮಾಡಿಕೊಂಡ. ಎಷ್ಟೋ ದಿನದ ಮೇಲೆ ಯಾರೋ ಮೈಕು ಕೊಟ್ಟ ಹಾಗಿತ್ತು. "ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸ್ಕೊಂಡಿತ್ತು. ಸಕಾಲಕ್ಕೆ ಔಷಧಿ ಕೊಟ್ಟಿದ್ರಿಂದ ಕುಗ್ಗಿದೆ. ಇನ್ನು ಕೆಲವು ಸುತ್ತು ಔಷಧಿ ಬಾಕಿ. ಆಮೇಲೆ ಎಲ್ಲಾ ಮಾಮೂಲಿ ವೇಳಾಪಟ್ಟಿ ಪ್ರಕಾರ."

"ಆ ಔಷಧಿ ಯಾಕೆ ಕೊಡ್ತಿದಾರೆ ಅಂದ್ಕೊಂಡಿದೀರಾ?"

"ವಾಸಿ ಆಗೋಕೆ. ಇನ್ಯಾಕೆ?"

ಅಕ್ಕನ ಗಂಟಲಿನಿಂದ ಏನೋ ಸದ್ದು ಬಂತು. ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಮುಂದೆ ಏನಾಗಬಹುದು ಅಂತ ಕೆಲವರು ಎಲ್ಲಾ ತಿಳ್ಕೋಬೇಕು ಅಂತಾರೆ. ಕೆಲವರು ಬೇಡ ಅಂತಾರೆ. ಎರಡೂ ತಪ್ಪಲ್ಲ. ನಿಮಗೆ ಹೇಗೆ?"

"ಇದ್ದದ್ದು ಇದ್ದ ಹಾಗೆ ಹೇಳಿ ಡಾಕ್ಟ್ರೇ. ನನ್ನ ಕಸುಬೇ ಅದು" ಎಂದ ವಿಷಾದಣ್ಣ ಠೀವಿಯಿಂದ.

"ಈ ಕಾಯಿಲೆ ವಾಸಿ ಆಗಲ್ಲ" ಎಂದರು ಆಕೆ, ಅದೇ ಸಣ್ಣ ಧ್ವನಿಯಲ್ಲಿ. "ಔಷಧಿ ಅದನ್ನ ಸ್ವಲ್ಪ ಕಾಲ ಹಿಡಿದಿಡತ್ತೆ. ನಿಮ್ಮ ಕಷ್ಟ ಕಡಿಮೆ ಮಾಡತ್ತೆ. ಆದರೆ ಪೂರ್ತಿ ಹೋಗಲಾಡಿಸೋಕೆ ಆಗಲ್ಲ."

ಬಾಗಿ ಕೂತಿದ್ದವನು ಹಾಗೇ ಇದ್ದ. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅಕ್ಕನ ಕಡೆ ತಿರುಗಿದ. "ನೋಡಿದ್ಯಾ? ಇಷ್ಟು ದಿನ ಒಬ್ಬರಾದ್ರೂ ಬಾಯಿ ಬಿಟ್ರಾ? ಆ ದೊಡ್ಡ ಡಾಕ್ಟ್ರು ನನ್ನನ್ನ ಕತ್ತಲಲ್ಲಿಟ್ಟು..."

"ಹೇಳಿದ್ರು ಕಣೋ" ಎಂದಳು ಅಕ್ಕ.

"ಯಾವಾಗ?"

"ಮೊದಲನೇ ದಿನವೇ. ನನ್ನ ಪಕ್ಕದಲ್ಲೇ ಕೂತಿದ್ದೆ ನೀನು. ವಾಸಿ ಮಾಡೋ ಹಂತ ದಾಟಿದೆ, ಆದರೂ ಔಷಧಿ ಕೊಟ್ಟು ನೋಡ್ಕೊಳ್ಳೋಣ ಅಂತ ಸ್ಪಷ್ಟವಾಗಿ ಹೇಳಿದ್ರು. ನನ್ನ ಎದೆ ಒಡೆದುಹೋಯ್ತು. ನೀನು ನನ್ನ ಕಡೆ ಬಗ್ಗಿ ಏನಂದೆ ಗೊತ್ತಾ?"

"ಏನಂದೆ?"

"'ಇವರು ಮೂಗಿನಲ್ಲಿ ಮಾತಾಡ್ತಾರೆ, ಮೈಕಿಗೆ ಆಗಲ್ಲ' ಅಂದೆ."

ವಿಷಾದಣ್ಣನಿಗೆ ಆ ದಿನ ಕಣ್ಣಿಗೆ ಕಟ್ಟಿತು. ದೊಡ್ಡ ಡಾಕ್ಟರ ತುಟಿ ಅಲ್ಲಾಡುತ್ತಿತ್ತು, ಧ್ವನಿ ಮೂಗಿನಿಂದ ಬರುತ್ತಿತ್ತು, ಪದದ ಕೊನೆಗಳನ್ನು ನುಂಗುತ್ತಿದ್ದರು. ಉಸಿರನ್ನು ಹೊಟ್ಟೆಯಿಂದ ತರಬೇಕು ಎಂದು ಅವರಿಗೆ ಹೇಳಿಕೊಡಬೇಕು ಎಂದುಕೊಂಡದ್ದೂ ನೆನಪಾಯಿತು. ಅವರು ಹೇಳಿದ್ದೇನು ಎನ್ನುವುದು ಮಾತ್ರ ಒಂದಕ್ಷರವೂ ನೆನಪಿಲ್ಲ. ಭಲೇ, ಎಂದುಕೊಂಡ. ಜೀವಮಾನವಿಡೀ ಜನರ ಕಿವಿಯನ್ನು ಆಡಿಕೊಂಡವನು, ತನ್ನ ಸಾವಿನ ಸುದ್ದಿ ಬಂದಾಗ ಧ್ವನಿಗೆ ಅಂಕ ಹಾಕುತ್ತ ಕೂತಿದ್ದ. ಅವನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಕಣ್ಣಲ್ಲಿ ನೀರು ತಂದಿತು. ಆಮೇಲೆ ಕೆಮ್ಮು ನಿಂತರೂ ನೀರು ನಿಲ್ಲಲಿಲ್ಲ.

ಡಾಕ್ಟರಮ್ಮ ನೀರಿನ ಲೋಟ ಕೊಟ್ಟು ಕಾದರು. ಅವಸರ ಮಾಡಲಿಲ್ಲ.

"ಹಾಗಾದ್ರೆ ಹೊರಗಿನ ಕುರ್ಚಿ?" ಎಂದ ಕೊನೆಗೆ.

"ಯಾವ ಕುರ್ಚಿ?"

"ಮೆತ್ತಗಿರೋದು. ನಾನು ಬಡ್ತಿ ಅಂದ್ಕೊಂಡಿದ್ದೆ."

ಆಕೆಗೆ ನಗು ತಡೆಯಲಾಗಲಿಲ್ಲ. "ಮೂಳೆ ನೋವಿರೋರು ಬರ್ತಾರಲ್ಲ, ಗಟ್ಟಿ ಬೆಂಚು ಚುಚ್ಚತ್ತೆ ಅಂತ ಹಾಕಿಸಿದೀವಿ. ಇಲ್ಲಿಗೆ ಬಂದವರನ್ನೆಲ್ಲ ಕೈಬಿಟ್ಟಿದೀವಿ ಅಂತ ಮಾತ್ರ ಅಂದ್ಕೋಬೇಡಿ. ಕೆಳಗಿನ ಔಷಧಿ ನಡೀತಾನೇ ಇರತ್ತೆ. ಉಸಿರು ಸಿಗದೆ ಹೆದರಿಕೆ ಆದಾಗ, ನೋವಾದಾಗ, ಮನೇಲಿ ಮಾತಾಡೋಕೆ ಕಷ್ಟ ಆದಾಗ ನಾವಿರ್ತೀವಿ. ಬರೋಕಾಗದಿದ್ರೆ ಮನೆಗೇ ಬರ್ತೀವಿ."

ವಿಷಾದಣ್ಣ ಲೋಟ ಕೆಳಗಿಟ್ಟ. ಈಗ ಅವನಿಗೆ ಮಗಳ ನೆನಪು ಬಂತು. "ಡಾಕ್ಟ್ರೇ, ನನ್ನ ಮಗಳು ಹಡಗು ಹತ್ತೋಳಿದಾಳೆ. ಹತ್ತಿದ್ರೆ ಒಂದು ವರ್ಷ ಇಳಿಯೋ ಹಾಗಿಲ್ಲ. ಒಪ್ಪಿಗೆ ಹೇಳೋಕೆ ನಾಳೆಯೇ ಕೊನೇ ದಿನ. ಅವಳು ವಾಪಸ್ ಬರೋವಾಗ ನಾನು ಇರ್ತೀನಾ?"

"ಖಚಿತವಾಗಿ ಹೇಳೋಕೆ ಯಾರಿಂದಲೂ ಆಗಲ್ಲ. ಆದ್ರೆ ಒಂದು ವರ್ಷ ಅಂತ ನಾನು ಮಾತು ಕೊಡಲಾರೆ. ತಿಂಗಳುಗಳ ಲೆಕ್ಕ ಅಂತಲೇ ಇಟ್ಕೊಳ್ಳಿ. ನನ್ನ ಅಂದಾಜು ತಪ್ಪಿದ್ರೆ ನಿಮಗಿಂತ ನನಗೇ ಹೆಚ್ಚು ಖುಷಿ."

"ಏನಂದ್ರಿ?"

ಆಕೆ ಮತ್ತೆ ಹೇಳಿದರು, ಅದೇ ಮಾತುಗಳನ್ನು, ಬೇಸರವಿಲ್ಲದೆ. ಈ ಸಲ ವಿಷಾದಣ್ಣ ಆಕೆಯ ಧ್ವನಿ ಹೇಗಿದೆ ಎಂದು ಗಮನಿಸಲಿಲ್ಲ.

ಉಸಿರು ಕಟ್ಟಿದಾಗ ಕುಡಿಯಲು ಸಿರಪ್ಪು, ಹೇಗೆ ಮುಂದಕ್ಕೆ ವಾಲಿ ಕೂರಬೇಕು, ಯಾವಾಗ ಫೋನು ಮಾಡಬೇಕು, ಎಲ್ಲ ಹೇಳಿಸಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಸಿರಪ್ಪಿನಲ್ಲಿ ಮಾರ್ಫಿನ್ ಇದೆ ಎಂದಾಗ ಹೆದರಿದ್ದ. ಅಳತೆ ಪ್ರಕಾರ ಕುಡಿದರೆ ಹೆದರಬೇಕಾಗಿಲ್ಲ ಎಂದಿದ್ದರು ಡಾಕ್ಟರಮ್ಮ. ಇಷ್ಟು ವರ್ಷ ಅಳತೆಯಿಲ್ಲದೆ ಹೊಗೆ ಕುಡಿದವನು ಈಗ ಒಂದು ಚಮಚಕ್ಕೆ ಹೆದರುತ್ತಿದ್ದಾನಲ್ಲ ಎಂದು ತನ್ನನ್ನೇ ಮೂದಲಿಸಿಕೊಂಡ.

"ಮಗಳಿಗೆ ನಾನು ಹೇಳ್ತೀನಿ. ನೀನು ಬಾಯಿ ಹಾಕ್ಬೇಡ" ಎಂದ ಅಕ್ಕನಿಗೆ.

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ "ಹೂಂ" ಎಂದಳು. ಸೆರಗಿನ ತುದಿ ಮೂಗಿನ ಹತ್ತಿರ ಹೋಗಿತ್ತು.

ಬಸ್ಸಿನಲ್ಲಿ ವಿಷಾದಣ್ಣ ಭಾಷಣ ತಯಾರು ಮಾಡಿದ. ನಿಜ ಹೇಳುವುದು, ಆದರೆ ಅವಳನ್ನು ಕಟ್ಟಿಹಾಕಬಾರದು. "ಮಗಳೇ, ನನ್ನ ಪಯಣ ಮುಗಿಯುತ್ತ ಬಂದಿದೆ, ನಿನ್ನದು ಈಗ ತಾನೇ ಹೊರಟಿದೆ. ನನಗಾಗಿ ನಿಲ್ಲಬೇಡ, ಹೋಗು." ಬಹಳ ಚೆನ್ನಾಗಿತ್ತು. "ಹೋಗು" ಎನ್ನುವಲ್ಲಿ ಧ್ವನಿ ಸ್ವಲ್ಪ ಇಳಿಸಬೇಕು. ಇಳಿಸಿ ನೋಡಿದ. ಮುಂದಿನ ಸೀಟಿನವನು ತನಗೇ ಹೇಳಿದರೆಂದು ತಿಳಿದು ಎದ್ದು ಹಿಂದಕ್ಕೆ ಹೋದ.

ಅಕ್ಕನನ್ನು ಅವಳ ಮನೆಗೆ ಬಿಟ್ಟು ಅವನು ತನ್ನ ಮನೆಗೆ ಬಂದಾಗ ಮಗಳು ನೆಲದ ಮೇಲೆ ಕೂತು ಟೇಬಲ್ ಫ್ಯಾನು ಬಿಚ್ಚಿ ಹರವಿಕೊಂಡಿದ್ದಳು. ಹೋಗುವ ಮುಂಚೆ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಸರಿಮಾಡಿಟ್ಟು ಹೋಗುತ್ತೇನೆ ಎಂದು ಒಂದು ವಾರದಿಂದ ಅವಳಿಗೆ ಅದೇ ಹುಚ್ಚು. ಇಸ್ತ್ರಿಪೆಟ್ಟಿಗೆ ಆಗಿತ್ತು, ಕರೆಗಂಟೆ ಆಗಿತ್ತು.

"ಏನಂದ್ರು?" ಎಂದಳು, ತಲೆ ಎತ್ತದೆ.

ವಿಷಾದಣ್ಣ ಗೋಡೆಗೆ ಒರಗಿ ನಿಂತ. ಭಾಷಣದ ಮೊದಲ ಪದವೇ ಬರಲಿಲ್ಲ. ಅದರ ಬದಲು ಹಳೇ ಚಾಳಿ ನಾಲಿಗೆಗೆ ಬಂತು. ನಾಲ್ಕು ಗಂಟೆ ತಡವಾಗುವ ರೈಲನ್ನು ನಿಲ್ದಾಣದವರು ಯಾವತ್ತೂ ಒಂದೇ ಸಲಕ್ಕೆ ನಾಲ್ಕು ಗಂಟೆ ಎಂದವರಲ್ಲ. ಜನ ರೇಗುತ್ತಾರೆಂದು ಅರ್ಧ ಗಂಟೆ, ಇನ್ನರ್ಧ ಗಂಟೆ ಎಂದು ಕಂತಿನಲ್ಲಿ ಹೇಳುವುದು ಅಲ್ಲಿನ ರೂಢಿ.

"ವಾಸಿ ಆಗೋದು ಸ್ವಲ್ಪ ತಡ ಆಗಬಹುದಂತೆ" ಎಂದ.

"ಹೂಂ."

"ಅಂದ್ರೆ... ಪೂರ್ತಿ ಮೊದಲಿನ ಹಾಗೆ ಆಗದೆ ಇರಬಹುದಂತೆ."

ಮಗಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ಅಪ್ಪಾ, ಏನಿದ್ರೂ ಒಂದೇ ಸಲ ಹೇಳು."

"ವಾಸಿ ಆಗಲ್ಲ ಕಣೇ. ಒಂದು ವರ್ಷ ಇರ್ತೀನಿ ಅಂತ ಹೇಳೋಕಾಗಲ್ವಂತೆ. ತಿಂಗಳುಗಳ ಲೆಕ್ಕ."

ಹೇಳಿಯಾಯಿತು. ಇಷ್ಟು ಸಣ್ಣ ವಾಕ್ಯಗಳನ್ನು ಹೇಳಿ ಇಷ್ಟು ದಣಿದದ್ದು ಅವನಿಗೆ ಇದೇ ಮೊದಲು. ಮಗಳು ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು, ಆದರೆ ಆಶ್ಚರ್ಯ ಇರಲಿಲ್ಲ.

"ನಾಳೆ ಅವರಿಗೆ ಏನು ಹೇಳ್ಲಿ? ಹೋಗ್ಲಾ, ಬೇಡ್ವಾ?"

ಈಗ ಭಾಷಣದ ಹೊತ್ತು. ನನಗಾಗಿ ನಿಲ್ಲಬೇಡ, ಹೋಗು. ಅವನು ಬಾಯಿ ತೆರೆದ. ಸಿನಿಮಾದ ಅಪ್ಪಂದಿರ ಹಾಗೆ ಕೈ ಕೂಡ ಸ್ವಲ್ಪ ಮೇಲೆ ಹೋಗಿತ್ತು.

"ಹೋಗ್ಬೇಡ" ಎಂದ. "ನಂಗೆ ಭಯ ಆಗ್ತಿದೆ. ನೀನು ಸಮುದ್ರದ ಮಧ್ಯ ಇರೋವಾಗ ನಾನು ಹೋಗ್ಬಿಟ್ರೆ ಅಂತ ಭಯ."

ಹೇಳಿದ ಮರುಕ್ಷಣವೇ ನಾಚಿಕೆಯಿಂದ ಕುಗ್ಗಿಹೋದ. ಎಂಥ ಅಪ್ಪ ನೀನು! ವರ್ಷಾನುಗಟ್ಟಲೆ ಕಾದು ಸಿಕ್ಕ ಕೆಲಸ, ನಿನ್ನ ಹೆದರಿಕೆಗೆ ಅವಳು ಬಿಡಬೇಕೇ? "ಇಲ್ಲ ಇಲ್ಲ, ಸುಮ್ನೆ ಬಾಯಿಗೆ ಬಂತು. ನೀನು ಹೋಗು, ಅತ್ತೆ ಇದಾಳಲ್ಲ, ಡಾಕ್ಟ್ರು ಮನೆಗೇ ಬರ್ತಾರಂತೆ..." ಎಂದು ತಡವರಿಸಿದ.

"ಅತ್ತೆ ನಂಗೆ ಮೊದಲನೇ ದಿನವೇ ಹೇಳಿದ್ರು" ಎಂದಳು ಮಗಳು.

"ಮೊದಲನೇ ದಿನವೇ? ನಿಂಗೆ ಗೊತ್ತಿತ್ತಾ? ಮತ್ತೆ ಯಾಕೆ ಹೊರಟಿದ್ದೆ? ಬರಲ್ಲ ಅಂತ ಆಗಲೇ ಹೇಳ್ಬಹುದಿತ್ತಲ್ಲ!"

"ಹೇಗೆ ಹೇಳ್ಲಿ?" ಅವಳ ಧ್ವನಿ ಒಡೆಯಿತು. "ನೀನು ವಾಸಿ ಆಯ್ತು ಆಯ್ತು ಅಂತ ಊರೆಲ್ಲ ಸಾರ್ಕೊಂಡು ಕುಣೀತಿದ್ದೆ. ನಾನು ಹೋಗಲ್ಲ ಅಂದಿದ್ರೆ, ಯಾಕೆ ಅಂತ ಕೇಳ್ತಿದ್ದೆ. ನೀನು ಸಾಯ್ತೀಯ ಅಂತ ನಾನು ನಿನ್ನ ಮುಖ ನೋಡ್ಕೊಂಡು ಹೇಳ್ಬೇಕಾಗ್ತಿತ್ತು. ಅದನ್ನ ಹೇಳೋದಕ್ಕಿಂತ ಹಡಗು ಹತ್ತೋದೇ ಸುಲಭ ಅನಿಸ್ತು ಅಪ್ಪ. ಅದಕ್ಕೇ ಚೀಲ ತುಂಬ್ತಾ ಇದ್ದೆ."

ತನ್ನ ಸಡಗರವನ್ನೆಲ್ಲ ಈ ಹುಡುಗಿ ಹೇಗೆ ಸಹಿಸಿಕೊಂಡಳೋ ಎಂದುಕೊಂಡ ವಿಷಾದಣ್ಣ. ಅವಳು ಮೊಣಕಾಲಿಗೆ ಮುಖ ಒತ್ತಿ ಅಳುತ್ತಿದ್ದಳು. ಅವನು ಗೋಡೆ ಹಿಡಿದು, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಮೆಲ್ಲಗೆ ನೆಲಕ್ಕೆ ಇಳಿದು ಅವಳ ಪಕ್ಕದಲ್ಲಿ ಕೂತ. ಬಿಚ್ಚಿಟ್ಟ ಸ್ಕ್ರೂ ಒಂದು ತೊಡೆಗೆ ಚುಚ್ಚಿತು. ಅವಳ ಬೆನ್ನ ಮೇಲೆ ಕೈಯಿಟ್ಟ.

ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಅವನನ್ನು ನೋಡಿದಳು. "ನೆಲಕ್ಕೆ ಯಾಕೆ ಕೂತೆ? ಮೇಲೇಳೋಕೆ ಆಗತ್ತಾ ನಿಂಗೆ?"

"ಆಗಲ್ಲ" ಎಂದ ವಿಷಾದಣ್ಣ. "ಕೂತ ಮೇಲೆ ನೆನಪಾಯ್ತು."

"ಸರಿ ಬಿಡು" ಎಂದಳು ಮಗಳು. "ಎಬ್ಬಿಸ್ತೀನಿ. ನಾನು ಇಲ್ಲೇ ಇರ್ತೀನಲ್ಲ."